ಉಲ್ಟಾನ ಇರ್ಲಿ

"ಅದು ಉಲ್ಟಾ ಐತ್ರಿ. ಉಲ್ಟಾನ ಇರ್ಲಿ."

ಬಾಡಿಗೆ ಮನೆಯ ಕೀಲಿಕೈ ಕೊಡುವಾಗ ಅನ್ನವ್ವ ತಲೆಬಾಗಿಲಿನ ಒಳಮಗ್ಗುಲನ್ನು ತೋರಿಸಿ ಹೇಳಿದಳು. ಬಾಗಿಲ ಮೇಲಿನ ತೊಲೆಗೆ ಅಂಗೈಯಗಲದ ಒಂದು ತಾಮ್ರದ ತಗಡು ಬಡಿದಿತ್ತು. ವರ್ಷಾನುಗಟ್ಟಲೆ ಲೋಬಾನದ ಹೊಗೆ ಕುಡಿದು ಅದು ತಾಮ್ರವೋ ಹಂಚೋ ತಿಳಿಯದ ಹಾಗೆ ಕಪ್ಪಾಗಿತ್ತು. ಎಣ್ಣೆ ಕಮಟು ವಾಸನೆ ಬರುತ್ತಿತ್ತು. ಅದರ ಮೇಲೆ ಚೌಕಗಳು, ಚೌಕಗಳೊಳಗೆ ಕೋಳಿ ಕೆದರಿದಂಥ ಗೀಟುಗಳು.

ಮಧ್ವೇಶ ಕತ್ತೆತ್ತಿ ನೋಡಿದ. ಬೆಳಗಾವಿಯಲ್ಲಿ ಬೆಳೆದ ಹುಡುಗ. ಧಾರವಾಡದ ಒಂದು ಚಿತ್ರಕಲಾ ಶಾಲೆಯಲ್ಲಿ ಕೊನೆಯ ವರ್ಷ. ಅಪ್ಪ ರಾಘಣ್ಣನಿಗೆ ಬ್ಯಾಂಕಿನಲ್ಲಿ ಶಿಗ್ಗಾವಿಗೆ ವರ್ಗವಾದದ್ದರಿಂದ ರಜೆಗೆ ಈ ಊರಿಗೆ ಬಂದಿದ್ದ.

"ಏನ್ರಿ ಅದು?"

"ನಾನು ಈ ಮನಿ ಮಗಳ್ರಿ. ಸಣ್ಣಾಕಿ ಇದ್ದಾಗ ಯಾರೋ ಮಾಟಾ ಮಾಡಿಸಿ ಬಾಯಿ ಕಟ್ಟಿಸಿದ್ರು. ಮಾತ ಹೊರಡದಂಗಾತು. ಹಂಸಭಾವಿ ಕಡಿಂದ ಒಬ್ಬ ಮುದುಕ ಬಂದು, ಅವರು ಬರದದ್ದನ್ನ ಉಲ್ಟಾ ಬರದು ಇಲ್ಲಿ ಬಡದ. ದನಿ ಬಂತು. ಬಂದದ್ದು ಇಷ್ಟ." ಅವಳ ಗಂಟಲು ಒಣಜೋಳದ ದಂಟು ಮುರಿದ ಹಾಗೆ ಕರಕರ ಎನ್ನುತ್ತಿತ್ತು. "ಸೀದಾ ಮಾಡಬ್ಯಾಡ್ರಿ. ಕೈ ಮುಗೀತೇನಿ."

"ಹಂಗಾದ್ರ ಆ ಸೀದಾ ತಗಡು ಒಂದು ನಮ್ಮವ್ವಗೂ ಕೊಡಸ್ರಿ ಅನ್ನವ್ವ. ದಿನಾ ಬೈಯೋದರೆ ತಪ್ಪತದ!"

ಒಳಗೆ ಪಾತ್ರೆ ಇಳಿಸುತ್ತಿದ್ದ ಯಮುನಾಬಾಯಿ ಮಗನನ್ನು ಗದರಿದಳು. ತಂಗಿ ಶಾಮಲಾ ಕಿಸಕ್ಕನೆ ನಕ್ಕಳು. ಅನ್ನವ್ವ ಮಾತ್ರ ನಗಲಿಲ್ಲ. ಆ ಮನೆಯ ಹಿಂದಿನ ಅಂಕಣದ ಕೋಣೆಯಲ್ಲೇ ಅವಳ ವಾಸ. ಗಂಡ ಸತ್ತ ಮೇಲೆ ತವರಿಗೆ ಬಂದು ನೆಲೆಸಿದವಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ತನ್ನ ಪಾಡಿಗೆ ಹೊರಟುಹೋದಳು.

ಮಧ್ವೇಶನ ತಲೆಯಲ್ಲಿ ಆಗ ಬೇರೆಯೇ ಚಿಂತೆ. ಅವನ ಗುದ್ಲೆಪ್ಪ ಮಾಸ್ತರರು ರಜೆಯ ಕೆಲಸವೆಂದು ಒಂದು ಸಿನಿಮಾ ಮಾಸಿಕದ ಮುಖಪುಟ ಮಾಡಿ ತರಲು ಹೇಳಿದ್ದರು. ದೆವ್ವದ ಸಿನಿಮಾಗಳ ವಿಶೇಷ ಸಂಚಿಕೆ. ಕುಂಚದಲ್ಲಿ ಬರೆಯುವ ಹಾಗಿಲ್ಲ, ರಬ್ಬರಿನಂಥ ದಪ್ಪ ಲಿನೋ ಹಾಳೆಯ ಮೇಲೆ ಉಳಿಯಿಂದ ಕೊರೆದು, ಮಸಿ ಹಚ್ಚಿ, ಅಚ್ಚು ತೆಗೆಯಬೇಕು. ಎಲ್ಲಕ್ಕಿಂತ ಚೆನ್ನಾಗಿದ್ದದ್ದನ್ನು ಹುಬ್ಬಳ್ಳಿಯಿಂದ ಹೊರಡುವ 'ತೆರೆಮಂಟಪ' ಎಂಬ ಪತ್ರಿಕೆ ನಿಜವಾಗಿಯೂ ಮುಖಪುಟಕ್ಕೆ ಹಾಕಿಕೊಳ್ಳುವುದಿತ್ತು. ಸಂಪಾದಕರು ಮಾಸ್ತರರ ಗೆಳೆಯರು.

ಹುಡುಗನಿಗೆ ಅದೇ ಹುಚ್ಚು ಹಿಡಿಯಿತು. ಬಾವಲಿ ಬರೆದ, ಹರಿದು ಹಾಕಿದ. ತಲೆಬುರುಡೆ ಬರೆದ, ಅದು ಕುಂಬಳಕಾಯಿಯ ಹಾಗೆ ಕಂಡಿತು. ಕೊನೆಗೆ ತಂಗಿಯನ್ನು ಪಡಸಾಲೆಯಲ್ಲಿ ಕೂರಿಸಿ, ಚೀರುವ ಹೆಣ್ಣಿನ ಮುಖ ಬರೆಯತೊಡಗಿದ.

"ಅಣ್ಣಾ, ಬಾಯಿ ನೋಯ್ಲಿಕ್ಕತ್ತದ. ಇನ್ನ ಎಷ್ಟೊತ್ತು ತಗದಕೊಂಡು ಕೂಡ್ಲಿ?"

"ಹಾಡೋವಾಗ ತಗೀತಿಯಲ್ಲ, ಹಂಗ ತಗಿ."

"ಹಾಡಿದ್ರ ನೋಯಂಗಿಲ್ಲ. ಒದರಿದ್ರ ನೋಯತದ."

ಶಾಮಲಾ ಹಾಡುವ ಹುಡುಗಿ. ದಾಸರ ಪದಗಳನ್ನು ಅವಳು ಎತ್ತಿಕೊಂಡರೆ ಓಣಿಯ ಹೆಂಗಸರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಧಾರವಾಡದ ರೇಡಿಯೋದವರ ಧ್ವನಿಪರೀಕ್ಷೆಗೆ ಅವಳನ್ನು ಕರೆದಿದ್ದರು. ಆ ಮನೆಯಲ್ಲಿ ಇಬ್ಬರು ಗಂಡಸರು ಜಗಳವಾಡದೆ ಒಪ್ಪುತ್ತಿದ್ದ ಸಂಗತಿ ಎಂದರೆ ಅವಳ ದನಿಯೊಂದೇ. ಮಧ್ವೇಶ ಎಷ್ಟೇ ಕಾಡಿಸಿದರೂ ತಂಗಿ ಎಂದರೆ ಅವನಿಗೆ ಪ್ರಾಣ.

ಮುಖ ಚೆನ್ನಾಗಿ ಬಂತು. ಆದರೂ ಏನೋ ಕಡಿಮೆ. ತೆರೆದ ಬಾಯಿ ಬರೀ ಕರಿ ತೂತಾಗಿ ಕಂಡಿತು. ಯೋಚಿಸುತ್ತ ಕತ್ತೆತ್ತಿದಾಗ ತೊಲೆಯ ಮೇಲಿನ ತಗಡು ಕಣ್ಣಿಗೆ ಬಿತ್ತು. ಬಾಯಿಯ ಮೇಲೆ ಆ ತಗಡು! ಚೀರುವ ಬಾಯಿಗೆ ಬಡಿದ ಮಾಟದ ತಗಡು! ಅವನು ಕುಣಿಯುವುದೊಂದು ಬಾಕಿ.

ಅತಿ ಆಸೆ ಗತಿಗೇಡು ಅನ್ನುತ್ತಾರೆ, ಇವನದು ಅತಿ ಬುದ್ಧಿ. ಮರುದಿನ ಮಧ್ಯಾಹ್ನ ಅಪ್ಪ ಬ್ಯಾಂಕಿನಲ್ಲಿದ್ದಾಗ, ಅವ್ವ ಅಡ್ಡಾಗಿದ್ದಾಗ, ಇವನು ಸ್ಟೂಲು ಹತ್ತಿ ಮೊಳೆ ಕಿತ್ತು ತಗಡು ಇಳಿಸಿದ. ಹಿಂದೆ ಅಂಟಿದ್ದ ಜೇಡರ ಬಲೆಯ ಜೊತೆಗೆ ಸುಟ್ಟ ಕೂದಲಿನಂಥ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಬಿಸಿಲಿಗೆ ಹಿಡಿದು ನೋಡಿದ. ಒಂದಕ್ಷರವೂ ಓದಲು ಬರಲಿಲ್ಲ. ಮೇಲೆ ತೆಳುಕಾಗದ ಇಟ್ಟು ಪೆನ್ಸಿಲಿನಿಂದ ನಕಲು ತೆಗೆದು, ತಗಡನ್ನು ಮೊದಲು ಹೇಗಿತ್ತೋ ಹಾಗೆಯೇ, ಮೇಲಿನ ಮೊಳೆ ಮೇಲೆ, ಕೆಳಗಿನದು ಕೆಳಗೆ, ನೋಡಿ ನೋಡಿ ಬಡಿದ. ಉಲ್ಟಾ ಇರಲಿ ಅಂದಿದ್ದಳಲ್ಲ ಮುದುಕಿ, ಇದ್ದ ಹಾಗೇ ಇಟ್ಟಿದ್ದೇನೆ, ಅವಳ ಮಾತೂ ನಡೆಯಿತು ನನ್ನ ಕೆಲಸವೂ ಆಯಿತು ಎಂದು ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡ. ಉಲ್ಟಾ ಎಂದರೆ ತಲೆಕೆಳಗು ಎಂದೇ ಅವನು ತಿಳಿದಿದ್ದ.

ಅಚ್ಚಿನ ಕೆಲಸದವರಿಗೆ ಉಲ್ಟಾ ಎಂದರೆ ಬೇರೆ. ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುವಿ ಕೊರೆದರೆ ಮಾತ್ರ ಕಾಗದದ ಮೇಲೆ ಸೀದಾ ಬೀಳುತ್ತದೆ. ಇದು ಮೊದಲ ವರ್ಷದ ಮೊದಲ ಪಾಠ. ಮಧ್ವೇಶನಿಗೆ ಗೊತ್ತಿಲ್ಲದ್ದೇನಲ್ಲ. ಪತ್ರಿಕೆಯ ಹೆಸರನ್ನು ಬರೆದ ಕಾಗದವನ್ನು ಬೋರಲು ಹಾಕಿ, ತಿರುವಿ, ಒಂದೊಂದು ಅಕ್ಷರವನ್ನೂ ಜತನದಿಂದ ಲಿನೋ ಮೇಲೆ ಇಳಿಸಿದ. ಮುಖವನ್ನೂ ತಿರುವಿದ. ತಗಡಿನ ನಕಲು ಕೈಗೆ ಬಂದಾಗ ಬೇಸರ ಬಂತು. ಈ ಕೋಳಿ ಕೆದರಿದ್ದಕ್ಕೆ ಎಡ ಯಾವುದು, ಬಲ ಯಾವುದು? ಯಾರು ಓದಿ ತಪ್ಪು ಹಿಡಿಯುತ್ತಾರೆ? ತಿರುವಲಿಲ್ಲ. ತಗಡಿನಲ್ಲಿ ಕಂಡ ಹಾಗೆಯೇ ಕೊರೆದುಬಿಟ್ಟ.

ಅಚ್ಚು ತೆಗೆದ ದಿನ ಸಂಜೆ ಗಾಳಿಯೇ ಇರಲಿಲ್ಲ. ಪಡಸಾಲೆಯ ತುಂಬ ಮಸಿ, ಅಗಸೆ ಎಣ್ಣೆಯ ವಾಸನೆ. ಒಳಕೋಣೆಯಲ್ಲಿ ಶಾಮಲಾ ತಂಬೂರಿ ಮೀಟುತ್ತ ಪರೀಕ್ಷೆಯ ಪದ ಹಾಡುತ್ತಿದ್ದಳು. ಹಿತ್ತಿಲಲ್ಲಿ ಅನ್ನವ್ವ ತನ್ನ ಒಡಕು ದನಿಯಲ್ಲಿ ಎಮ್ಮೆಯನ್ನು ಕರೆಯುತ್ತಿದ್ದಳು. ಮಧ್ವೇಶ ಲಿನೋ ಮೇಲೆ ಮಸಿಯ ರೋಲರು ಉರುಳಿಸಿದ. ಕಾಗದ ಹಾಸಿದ. ಅವ್ವನ ಹಿತ್ತಾಳೆಯ ಸೌಟಿನ ಬೆನ್ನಿನಿಂದ ಮೇಲಿಂದ ಕೆಳಗೆ ಉಜ್ಜತೊಡಗಿದ.

ಪತ್ರಿಕೆಯ ಹೆಸರು. ಹಾಡು ನಡೆದೇ ಇತ್ತು. ಹಣೆ, ಕಣ್ಣು. ಹಾಡು ಚರಣಕ್ಕೆ ಏರಿತು. ಸೌಟು ಬಾಯಿಯ ಹತ್ತಿರ ಬಂತು. ದನಿ ತಡವರಿಸಿತು. ಅವನು ಇನ್ನಷ್ಟು ಒತ್ತಿದ. ದನಿ ನಿಂತಿತು.

ತಂಬೂರಿಯೊಂದೇ ಉಳಿಯಿತು.

ಹಿತ್ತಿಲ ಕಡೆಯಿಂದಲೂ ಸದ್ದಿಲ್ಲ. ಎಮ್ಮೆ ಒಂದು ಸಲ ಕೂಗಿತು. ಉತ್ತರ ಬರಲಿಲ್ಲ.

"ಶಾಮೂ?"

ತಂಬೂರಿಯೂ ನಿಂತಿತು. ಸುಟ್ಟ ಕೂದಲಿನ ವಾಸನೆ. ಮಸಿಯದಲ್ಲ. ಎಣ್ಣೆಯದಲ್ಲ. ಅದೇ, ತಗಡಿನ ಹಿಂದಿನದು. ಮಧ್ವೇಶ ಸೌಟು ಕೆಳಗಿಟ್ಟ. ಕಾಗದದ ತುದಿ ಹಿಡಿದ. ಎತ್ತಿದ. ನೋಡಿದ.

ಓದಲು ಬಂತು.

ಕೋಳಿ ಕೆದರಿದ ಗೀಟುಗಳಲ್ಲ ಅವು. ಅಕ್ಷರ. ಹಳೆಯ ಬರಹದ, ದುಂಡನೆಯ, ಸ್ಪಷ್ಟ ಕನ್ನಡ ಅಕ್ಷರ. ತಂಗಿಯ ತೆರೆದ ಬಾಯಿಯ ಮೇಲೆ, ಚೌಕಕ್ಕೊಂದರಂತೆ ನಿಂತಿದ್ದವು. ಈ. ಮ. ನಿ. ಮ. ಗ. ಳ. ಬಾ. ಯಿ. ಕ. ಟ್ಟು.

ಶಾಮಲಾ ಬಾಗಿಲಲ್ಲಿ ನಿಂತಿದ್ದಳು. ಬಾಯಿ ತೆರೆದೇ ಇತ್ತು, ಅವನು ಬರೆದ ಹಾಗೆಯೇ. ಕತ್ತಿನ ನರ ಉಬ್ಬಿದ್ದವು. ಕಣ್ಣಲ್ಲಿ ನೀರು. ಅವಳು ಚೀರುತ್ತಿದ್ದಳು. ಮನೆಯಲ್ಲಿ ಒಂದಿಷ್ಟೂ ಸದ್ದಿರಲಿಲ್ಲ.

ಮುಂದಿನ ದಿನಗಳ ಬವಣೆ ಯಾವ ಶತ್ರುವಿಗೂ ಬೇಡ. ಡಾಕ್ಟರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ, ಎಲ್ಲಾ ಚೆನ್ನಾಗಿದೆ, ಹುಡುಗಿ ಹೆದರಿದ್ದಾಳೆ ಎಂದರು. ಯಮುನಾಬಾಯಿ ಸವಣೂರಿನ ಮಠಕ್ಕೆ ಕರೆದೊಯ್ದು ತೀರ್ಥ ಕುಡಿಸಿದಳು. ರಾಘಣ್ಣ ಮಗಳ ಎದುರಿಗೆ ಗಟ್ಟಿಯಾಗಿದ್ದು ಬಚ್ಚಲುಮನೆಯಲ್ಲಿ ಅಳುತ್ತಿದ್ದ. ನಾಲಿಗೆ ಆಡುತ್ತಿತ್ತು, ತುಟಿ ಆಡುತ್ತಿದ್ದವು, ಉಸಿರು ಬರುತ್ತಿತ್ತು. ದನಿ ಮಾತ್ರ ಇಲ್ಲ.

ಮಧ್ವೇಶ ಅಚ್ಚಿನ ಕಾಗದವನ್ನು ಸುಟ್ಟ. ಲಿನೋ ತುಂಡನ್ನೂ ಒಲೆಗೆ ಹಾಕಿದ. ಅದು ಉರಿಯುವಾಗ ಎದ್ದ ಹೊಗೆಗೆ ಮನೆಮಂದಿಯೆಲ್ಲ ಕೆಮ್ಮಿದರು. ಶಾಮಲಾಳ ಕೆಮ್ಮಿಗೆ ಸದ್ದಿರಲಿಲ್ಲ. ಮಾತಾಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರೆದದ್ದನ್ನು ಸುಟ್ಟರೆ ಆಡಿದ್ದು ಹಿಂದಕ್ಕೆ ಬರುತ್ತದೆಯೇ?

ಅನ್ನವ್ವನನ್ನು ಕೇಳೋಣವೆಂದರೆ ಅವಳಿಗೂ ಮಾತಿಲ್ಲ. ಅವಳೂ ಈ ಮನೆಯ ಮಗಳೇ. ಅವನು ಹಿಂದಿನ ಅಂಕಣಕ್ಕೆ ಹೋಗಿ ಅವಳ ಕಾಲು ಹಿಡಿದ.

"ತಪ್ಪಾತ್ರಿ. ನಾ ತಗಡು ತಿರುವಲಿಲ್ಲರಿ, ಇದ್ದಂಗ ಬಡದೇನಿ. ಅದನ್ನ ನೋಡಿ ಬರದೆ, ಅಷ್ಟ. ಏನ್ ಮಾಡ್ಲಿ ಹೇಳ್ರಿ!"

ಅನ್ನವ್ವ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಆಮೇಲೆ ಅವನ ಬಲಗೈ ಹಿಡಿದು, ಅಂಗೈ ಮೇಲೆ ಮಾಡಿದಳು. ಬೋರಲು ಹಾಕಿದಳು. ಮತ್ತೆ ಅಂಗಾತ, ಮತ್ತೆ ಬೋರಲು. ತೊಲೆಯ ಕಡೆ ಬೆರಳು ತೋರಿಸಿದಳು.

ಕೆಟ್ಟ ಮೇಲೆ ಬುದ್ಧಿ ಬಂತು. ಅವನು ಹುಚ್ಚನ ಹಾಗೆ ಓಡಿಬಂದು ಹೊಸ ಲಿನೋ ತೆಗೆದ. ಅದೇ ಮುಖ, ಅದೇ ಹೆಸರು. ಈ ಸಲ ತಗಡಿನ ನಕಲನ್ನು ತಿರುವಿ ಇಳಿಸಿದ. ಉಳಿ ಜಾರಿ ಹೆಬ್ಬೆರಳು ಸೀಳಿತು. ಬಟ್ಟೆ ಸುತ್ತಿಕೊಂಡು ಕೊರೆದ. ಮಸಿ ಹಚ್ಚಿದ. ಕಾಗದ ಹಾಸಿದ. ಶಾಮಲಾ ಎದುರಿಗೆ ಗೋಡೆಗೊರಗಿ ಕುಳಿತಿದ್ದಳು. ಸೌಟು ಹಿಡಿದು ಉಜ್ಜಿದ. ಹಣೆ. ಕಣ್ಣು. ಬಾಯಿ. ಒತ್ತಿದ. ಒತ್ತಿದ. ಕಾಗದ ಎತ್ತಿದ. ಬಾಯಿಯ ಮೇಲೆ ಕೋಳಿ ಕೆದರಿದ ಗೀಟುಗಳು. ತಗಡಿನ ಮೇಲೆ ಇದ್ದ ಹಾಗೆಯೇ. ಒಂದಕ್ಷರವೂ ಓದಲು ಬರಲಿಲ್ಲ.

"ಅಣ್ಣಾ," ಅಂದಳು ಶಾಮಲಾ.

ಅಡುಗೆಮನೆಯಿಂದ ಯಮುನಾಬಾಯಿ ಓಡಿಬಂದಳು. ಹಿತ್ತಿಲಲ್ಲಿ ಅನ್ನವ್ವ ಎಮ್ಮೆಯನ್ನು ಬೈಯುವುದು ಕೇಳಿಸಿತು. ಅಂಥ ಇಂಪಾದ ಬೈಗುಳವನ್ನು ಮಧ್ವೇಶ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನೆಲದ ಮೇಲೆ ಕುಳಿತು ಮಕ್ಕಳ ಹಾಗೆ ಅತ್ತುಬಿಟ್ಟ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮನುಷ್ಯನಿಗೆ ಭಯ ಹೋದ ಮರುಗಳಿಗೆ ಮೊದಲಿನ ಚಾಳಿ ಬರುತ್ತದೆ. ರಜೆ ಮುಗಿಯಿತು. ಮಾಸ್ತರರಿಗೆ ಕೊಡಲು ಅವನ ಬಳಿ ಇದ್ದದ್ದು ಅದೊಂದೇ ಅಚ್ಚು. ಗೋಡೆಗೆ ಒರಗಿಸಿ ನೋಡಿದ. ಅಷ್ಟು ಒಳ್ಳೆಯ ಕೆಲಸವನ್ನು ಅವನು ಹಿಂದೆಂದೂ ಮಾಡಿರಲಿಲ್ಲ.

"ಕೊಡಬ್ಯಾಡ್ರಿ," ಅಂದಳು ಅನ್ನವ್ವ, ಸುರುಳಿ ಹಿಡಿದು ಹೊರಟವನನ್ನು ಹೊಸ್ತಿಲಲ್ಲಿ ತಡೆದು. "ಕೈ ಬದಲಾಗತೈತಿ ಅದು."

"ಉಲ್ಟಾನ ಅದ ರೀ, ಅನ್ನವ್ವ. ಕಾಗದಾ ಒಮ್ಮೆ ಅಚ್ಚಾತು ಅಂದ್ರ ತಾನ ಸೀದಾ ಆಗ್ತದೇನು? ಇದು ಹೋದ ಮನಿಗೆಲ್ಲಾ ಕಾವಲ ಆಗತದ, ನೋಡ್ರಿ."

ತಾನು ಹೇಳಿದ್ದು ಅವನಿಗೇ ಬಹಳ ಹಿಡಿಸಿತು. ಮುದುಕಿ ಹೊಸ್ತಿಲು ಬಿಟ್ಟು ಸರಿದಳು.

ಶಾಮಲಾ ಧ್ವನಿಪರೀಕ್ಷೆಯಲ್ಲಿ ಪಾಸಾದಳು. ಮಧ್ವೇಶನ ಮುಖಪುಟವೂ ಆಯ್ಕೆಯಾಯಿತು. ಮನೆಯಲ್ಲಿ ಎರಡೆರಡು ಸಲ ಹೋಳಿಗೆ. ರೇಡಿಯೋದಲ್ಲಿ ಅವಳ ಮೊದಲ ಕಾರ್ಯಕ್ರಮ ಮುಂಜಾನೆಯ ದಾಸರ ಪದಗಳದು. ಅಲ್ಲಿ ಹಾಡುವುದು, ಇಲ್ಲಿ ಅದೇ ಗಳಿಗೆಗೆ ಕೇಳುವುದು. ರಾಘಣ್ಣ ಮಗಳನ್ನು ಕರೆದುಕೊಂಡು ಹಿಂದಿನ ದಿನವೇ ಧಾರವಾಡಕ್ಕೆ ಹೋದ. ಊರಿಗೆ ಬಂದಿದ್ದ ಮಧ್ವೇಶ, ಓಣಿಯ ಹೆಂಗಸರೆಲ್ಲ ಮನೆಯ ರೇಡಿಯೋ ಮುಂದೆ ಕಿಕ್ಕಿರಿದದ್ದು ಕಂಡು, ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಬಂದು ಕುಳಿತ. ನಾಲ್ಕು ಜನರ ನಡುವೆ ತಂಗಿಯ ಹಾಡು ಕೇಳಿ, ಇವಳು ನನ್ನ ತಂಗಿ ಎಂದು ಹೇಳಿಕೊಳ್ಳುವ ಆಸೆ ಬೇರೆ.

ಮಿರ್ಚಿ ಕರಿಯುವ ಎಣ್ಣೆ ಹೊಗೆಯಾಡುತ್ತಿತ್ತು. ದುಂಡಸಿಯ ಬಸ್ಸು ಹೊರಡಲು ಗುರುಗುಡುತ್ತಿತ್ತು. ಆ ಗದ್ದಲದಲ್ಲಿ ಯಾರೋ ಬೆನ್ನು ತಟ್ಟಿದರು.

ಗುದ್ಲೆಪ್ಪ ಮಾಸ್ತರರು. ಬಗಲಲ್ಲಿ ಒಂದು ಕಟ್ಟು. ಮುಖದ ತುಂಬ ನಗೆ.

"ಹಾನಗಲ್ಲಿಗೆ ಹೊಂಟಿದ್ದೆ. ನಿನ್ನ ಪುಸ್ತಕಾ ನಿನಗ ಕೊಟ್ಟ ಹೋಗೂಣು ಅಂತ ಇಳದೆ. ಮೊದಲ ನಿಮ್ಮ ಮನಿಗೇ ಹೋಗಿದ್ನೆಪಾ. ನಿಮ್ಮವ್ವನ ಕೈಯಾಗ ಒಂದು ಕೊಟ್ಟೆ, ಪಡಸಾಲ್ಯಾಗ ಹೆಣ್ಣಮಕ್ಕಳೆಲ್ಲಾ ಮುಗಿಬಿದ್ದು ನೋಡಾಕತ್ತಾರ. ತಗೋ, ನೋಡು!"

ಹೊಸ ಕಾಗದದ, ಹೊಸ ಮಸಿಯ ವಾಸನೆ. 'ತೆರೆಮಂಟಪ' ಎಂಬ ಕೆಂಪು ಅಕ್ಷರ. ಕೆಳಗೆ ಶಾಮಲಾಳ ಮುಖ. ತೆರೆದ ಬಾಯಿ.

ಮಧ್ವೇಶ ನೋಡಿದ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ.

ಓದಲು ಬರುತ್ತಿತ್ತು.

"ಸರ್... ಇದು..."

"ಗೊತ್ತಾತಲ್ಲ?" ಮಾಸ್ತರರು ಅವನ ಹೆಗಲ ಮೇಲೆ ಕೈ ಹಾಕಿದರು. "ಎಲ್ಲಾ ಬರೋಬ್ಬರಿ ಮಾಡಿ, ಆ ತಗಡಿನ ಅಕ್ಷರಾ ಮಾತ್ರ ತಿರುವೂದು ಮರತಿದ್ದಿ ನೋಡು. ಉಲ್ಟಾ ಬಿದ್ದಿದ್ವು. ಇಷ್ಟ ಚಲೋ ಕೆಲಸಾ, ಇಷ್ಟರಾಗ ಕೆಡಬಾರದು ಅಂತ ನಾನ ಪ್ರೆಸ್ಸಿಗೆ ಹೋಗಿ, ಮುಖಪುಟದ ಫೋಟೋ ಫಿಲ್ಮಿನ್ಯಾಗ ಆ ತುಂಡಷ್ಟ ಕತ್ತರಿಸಿ, ತಿರುವಿ ಹಚ್ಚಿಸಿದೆ. ಸೀದಾ ಮಾಡಿಸೇನಿ!"

ಮಧ್ವೇಶ ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿದ.

"ಯಾಕೋ, ಹಿಂಗ ಬೆವತಿ? ನನ್ನ ಮಗಳಿಗಂತೂ ಇದರದ ಹುಚ್ಚು ಹಿಡದೈತಿ. ನಿನ್ನೆ ಮನಿಗೆ ಒಯ್ದಾಗಿಂದ ಇದನ್ನ ಹಿಡಕೊಂಡು ನೋಡಿಕೋಂತ ಕುಂತಾಳ. ಮಾತಿಲ್ಲ, ಕತಿಲ್ಲ!" ಎಂದು ಮಾಸ್ತರರು ಗಟ್ಟಿಯಾಗಿ ನಕ್ಕರು.

ರೇಡಿಯೋದಲ್ಲಿ ತಂಬೂರಿ ಶುರುವಾಯಿತು. ಹೆಣ್ಣುದನಿಯೊಂದು ಹೇಳಿತು: ಈಗ ದಾಸರ ಪದಗಳು. ಹಾಡುವವರು, ಶಿಗ್ಗಾವಿಯ ಕುಮಾರಿ ಶಾಮಲಾ.

"ಏ, ನಮ್ಮ ಊರಾಕಿ!" ಅಂದ ಹೋಟೆಲಿನವ, ಸೌಟು ಕೆಳಗಿಟ್ಟು ದನಿ ದೊಡ್ಡದು ಮಾಡಿದ.

ತಂಬೂರಿ ಮೀಟಿತು. ಮೀಟುತ್ತಲೇ ಹೋಯಿತು.

ಹಾಡು, ಶಾಮೂ. ಒಂದಕ್ಷರ. ಬರೀ ಒಂದು. ಮಧ್ವೇಶ ರೇಡಿಯೋ ಕಡೆ ಬಾಗಿದ. ತಂಬೂರಿ. ಉಸಿರು ಎಳೆದುಕೊಂಡ ಸಣ್ಣ ಸದ್ದು. ತಂಬೂರಿ. ಮತ್ತೊಂದು ಉಸಿರು, ಮೊದಲಿನದಕ್ಕಿಂತ ಜೋರು. ತಂಬೂರಿ.

ಹೋಟೆಲಿನವ ರೇಡಿಯೋದ ತಲೆಗೆ ಎರಡು ಏಟು ಬಿಟ್ಟ.

"ಕೆಟ್ಟಿಲ್ಲೋ ಮಾರಾಯ, ತಂಬೂರಿ ಕೇಳಾಕತ್ತೈತಲ್ಲ," ಅಂದರು ಯಾರೋ.

ಮಧ್ವೇಶ ಎದ್ದ. ಮನೆಗೆ ಓಡಬೇಕು. ಮತ್ತೆ ಕೊರೆಯಬೇಕು, ಮತ್ತೆ ತಿರುವಬೇಕು. ನಾಲ್ಕು ಹೆಜ್ಜೆ ಹೋಗಿ ನಿಂತುಬಿಟ್ಟ. ಬಸ್‌ಸ್ಟ್ಯಾಂಡಿನ ಪುಸ್ತಕದ ಅಂಗಡಿಯವ 'ತೆರೆಮಂಟಪ'ದ ಕಟ್ಟು ಬಿಚ್ಚಿ, ದಾರಕ್ಕೆ ಸಾಲಾಗಿ ನೇತುಹಾಕುತ್ತಿದ್ದ. ಸಾಲಿನ ತುಂಬ ಅವನ ತಂಗಿ, ಸಾಲಿನ ತುಂಬ ಆ ತೆರೆದ ಬಾಯಿ. ಈ ಮನಿ ಮಗಳ ಬಾಯಿ ಕಟ್ಟು. ಪುಸ್ತಕ ಯಾವ ಮನೆಗೆ ಹೋಯಿತೋ ಅದೇ ಈ ಮನೆ. ಎಷ್ಟು ಮನೆಯ ಬಾಗಿಲಿಗೆ ಹೋಗಿ ಅವನು ತಗಡು ಬಡಿದಾನು?

"ತಗೋಬ್ಯಾಡ್ರೀ!" ಎಂದು ಚೀರಿದ. "ಮನಿಗೆ ಒಯ್ಯಬ್ಯಾಡ್ರಿ ಅದನ್ನ! ನಿಮ್ಮ ಕಾಲಿಗೆ ಬೀಳ್ತೇನಿ, ಒಯ್ಯಬ್ಯಾಡ್ರಿ!"

ಜನ ತಿರುಗಿ ನೋಡಿದರು. ಒಬ್ಬಿಬ್ಬರು ನಕ್ಕರು. ಇಂಥ ಪುಸ್ತಕ ಮಾರಲು ಇದೂ ಒಂದು ಸೋಗು ಎಂದುಕೊಂಡಿರಬೇಕು, ಅಂಗಡಿಯ ಮುಂದೆ ಜನ ಹೆಚ್ಚಿದರು. ದುಂಡಸಿಯ ಬಸ್ಸು ಹೊರಟಿತು. ಕಿಟಕಿಯ ಪಕ್ಕ ಕುಳಿತಿದ್ದ ಹುಡುಗಿಯೊಬ್ಬಳು ಅದೇ ಪುಸ್ತಕವನ್ನು ಗೆಳತಿಗೆ ತೋರಿಸುತ್ತ, ಏನೋ ಹೇಳಿ ಕಿಲಕಿಲ ನಗುತ್ತಿದ್ದಳು. ಅವಳಿನ್ನೂ ಮನೆ ಮುಟ್ಟಿರಲಿಲ್ಲ.

ಹೋಟೆಲಿನೊಳಗೆ ತಂಬೂರಿ ನಡೆದೇ ಇತ್ತು.